ಗೂನುಬೆನ್ನಿನ ಕೋವಿಗೆ ಮೂರೇ ತೋಟಾ

ಅಮೆರಿಕದ ಅರ್ಕಾನ್ಸಾಸ್ ರಾಜ್ಯದ ಸ್ಟಟ್‌ಗಾರ್ಟ್ ಎಂಬ ಸಣ್ಣ ಪಟ್ಟಣದ ಸುತ್ತ ಡಿಸೆಂಬರ್ ಬಂತೆಂದರೆ ಭತ್ತದ ಗದ್ದೆಗಳೂ ಓಕ್ ಮರಗಳ ತಗ್ಗು ಕಾಡುಗಳೂ ಮೊಣಕಾಲುದ್ದ ನೀರಿನಲ್ಲಿ ನಿಂತಿರುತ್ತವೆ. ಬೆಳಕು ಹರಿಯುವ ಮೊದಲೇ ಎದೆಮಟ್ಟದ ರಬ್ಬರ್ ಉಡುಪು ತೊಟ್ಟ ಬೇಟೆಗಾರರು ಆ ನೀರಿಗಿಳಿದು ಮರದ ಬೊಡ್ಡೆಗೆ ಒರಗಿ ನಿಲ್ಲುತ್ತಾರೆ. ಮುಂದೆ ಪ್ಲಾಸ್ಟಿಕ್ಕಿನ ಹುಸಿಬಾತುಗಳು ತೇಲುತ್ತಿರುತ್ತವೆ. ಒಬ್ಬರು ಪುಟ್ಟ ಪೀಪಿಯೊಂದನ್ನು ಊದಿ ಹೆಣ್ಣು ಬಾತಿನ ಕೂಗು ಹೊರಡಿಸುತ್ತಾರೆ. ಉತ್ತರದಿಂದ ವಲಸೆ ಬಂದ ಮಲ್ಲಾರ್ಡ್ ಬಾತುಗಳ ಗುಂಪು ಮರಗಳ ತುದಿಯ ಮೇಲೆ ಒಂದೆರಡು ಸುತ್ತು ಹಾಕಿ, ರೆಕ್ಕೆ ಬಾಗಿಸಿ, ಕೊಂಬೆಗಳ ಸಂದಿನಿಂದ ಕೆಳಗಿಳಿಯುತ್ತದೆ. ಆಗ ಹೆಗಲಿಗೇರುವ ಕೋವಿಗಳಲ್ಲಿ ಕೆಲವು ಹೊಸತು, ಇನ್ನು ಕೆಲವು ಐವತ್ತು ಎಪ್ಪತ್ತು ವರ್ಷಗಳ ಹಿಂದಿನವು.

ಹಳೆಯವುಗಳಲ್ಲಿ ದೂರದಿಂದಲೇ ಗುರುತು ಸಿಗುವುದು ಬ್ರೌನಿಂಗ್ ಆಟೊ-5. ಇದರ ಯಂತ್ರಭಾಗ ಹಿಂದುಗಡೆ ಚೌಕವಾಗಿ ಉಬ್ಬಿ, ಹಿಡಿಯ ಹತ್ತಿರ ಒಮ್ಮೆಲೇ ಕೆಳಗಿಳಿಯುತ್ತದೆ. 'ಗೂನುಬೆನ್ನು' ಎಂಬ ಅಡ್ಡಹೆಸರು ಬಂದದ್ದು ಅದರಿಂದ. ಕುದುರೆ ಎಳೆದಾಗಲೆಲ್ಲ ಒಂದೊಂದೇ ಈಡು ಹಾರಿಸಿ, ಖಾಲಿ ತೋಟಾವನ್ನು ತಾನೇ ಹೊರಗೆಸೆದು, ಮುಂದಿನದನ್ನು ತಾನೇ ತುಂಬಿಕೊಳ್ಳುವ ಚರೆಕೋವಿಗಳಲ್ಲಿ ಮೊದಲು ಯಶಸ್ವಿಯಾದದ್ದು ಇದು. ಇಂಥ ಕೋವಿಯನ್ನು ಅರೆಸ್ವಯಂಚಾಲಿತ ಎನ್ನುತ್ತಾರೆ. ಜೋಡುನಳಿಗೆಯ ಕೋವಿಯಲ್ಲಿ ಎರಡು ಈಡಿಗೆ ಮುಗಿಯುತ್ತಿದ್ದ ಅವಕಾಶ ಇದರಲ್ಲಿ ಐದಕ್ಕೇರಿತು. ಕೊಳವೆಯಲ್ಲಿ ನಾಲ್ಕು, ನಳಿಗೆಯ ಬುಡದಲ್ಲಿ ಒಂದು. ಹೆಸರಿನಲ್ಲಿರುವ ಐದು ಅದೇ.

ಈ ಕೋವಿ ಹುಟ್ಟಿದ ಕಾಲದ ಬಾತುಬೇಟೆಯೇ ಬೇರೆ, ಇಂದಿನದೇ ಬೇರೆ. ನಡುವೆ ಕಾನೂನು ಬದಲಾಯಿತು, ತೋಟಾದೊಳಗಿನ ಲೋಹವೂ ಬದಲಾಯಿತು. ಹಳೆಯ ಕೋವಿಯನ್ನು ಇಂದಿನ ಜವುಗಿಗೆ ಒಯ್ಯುವವರು ಈ ಎರಡು ಬದಲಾವಣೆಗಳನ್ನೂ, ಕೋವಿಯ ಒಳಗಿನ ಒಂದು ಸಣ್ಣ ಉಂಗುರವನ್ನೂ ಅರಿತಿರಲೇಬೇಕು.

ಎರಡು ಬಾಗಿಲು ತಟ್ಟಿ ಬೆಲ್ಜಿಯಂಗೆ

ಕೋವಿಯನ್ನು ರೂಪಿಸಿದವರು ಜಾನ್ ಮೋಸೆಸ್ ಬ್ರೌನಿಂಗ್. 1855ರಲ್ಲಿ ಯೂಟಾದ ಆಗ್ಡನ್‌ನಲ್ಲಿ ಕೋವಿ ತಯಾರಕನ ಮಗನಾಗಿ ಹುಟ್ಟಿದ ಅವರು ವಿಂಚೆಸ್ಟರ್ ಕಂಪನಿಗೆ ವರ್ಷಗಟ್ಟಲೆ ಹೊಸ ಹೊಸ ವಿನ್ಯಾಸಗಳನ್ನು ಮಾರಿದ್ದರು. ಪ್ರತಿ ಬಾರಿಯೂ ಕಂಪನಿ ಒಂದು ಮೊತ್ತ ಕೊಟ್ಟು ಹಕ್ಕನ್ನು ಪೂರ್ತಿ ಕೊಂಡುಬಿಡುತ್ತಿತ್ತು. ಈ ಚರೆಕೋವಿಯ ವಿಷಯದಲ್ಲಿ ಮಾತ್ರ ಬ್ರೌನಿಂಗ್ ಪಟ್ಟು ಹಿಡಿದರು. ಮಾರಾಟವಾಗುವ ಪ್ರತಿ ಕೋವಿಗೂ ತನಗೆ ಪಾಲು ಬೇಕೆಂದರು. ವಿಂಚೆಸ್ಟರ್ ಒಪ್ಪಲಿಲ್ಲ.

ಅಲ್ಲಿಂದ ಅವರು ಹೋದದ್ದು ರೆಮಿಂಗ್ಟನ್ ಕಂಪನಿಗೆ. 1902ರ ಜನವರಿಯಲ್ಲಿ ಅದರ ಅಧ್ಯಕ್ಷ ಮಾರ್ಸೆಲಸ್ ಹಾರ್ಟ್ಲಿಯ ಭೇಟಿಗಾಗಿ ಕಚೇರಿಯಲ್ಲಿ ಕಾಯುತ್ತಿದ್ದಾಗಲೇ ಹಾರ್ಟ್ಲಿ ಹೃದಯಾಘಾತದಿಂದ ತೀರಿಕೊಂಡ ಸುದ್ದಿ ಬಂತು. ಬ್ರೌನಿಂಗ್ ಹಡಗು ಹತ್ತಿ ಬೆಲ್ಜಿಯಂನ ಲಿಯೇಜ್ ಬಳಿಯ ಹೆರ್ಸ್ಟಾಲ್‌ಗೆ ಹೋದರು. ಅಲ್ಲಿನ ಎಫ್‌ಎನ್ ಕಾರ್ಖಾನೆ ಅವರ ಪಿಸ್ತೂಲನ್ನು ಆಗಲೇ ತಯಾರಿಸುತ್ತಿತ್ತು, ಚರೆಕೋವಿಯನ್ನೂ ಕೈಗೆತ್ತಿಕೊಂಡಿತು. ಬ್ರೌನಿಂಗ್ ತಾವೇ ಹತ್ತು ಸಾವಿರ ಕೋವಿಗಳಿಗೆ ಬೇಡಿಕೆ ಕೊಟ್ಟರು.

ಆಮದು ಸುಂಕದ ಕಾರಣದಿಂದ ಅಮೆರಿಕದೊಳಗೇ ತಯಾರಿಸುವ ಹಕ್ಕು ಕೊನೆಗೆ ರೆಮಿಂಗ್ಟನ್‌ಗೆ ಸಿಕ್ಕಿತು. 1905ರಿಂದ ಅದು ಇದೇ ಕೋವಿಯನ್ನು ತಯಾರಿಸಿತು, ಮುಂದೆ ಅದಕ್ಕೆ 'ಮಾಡೆಲ್ 11' ಎಂಬ ಹೆಸರು ಬಂತು. ಅವಕಾಶ ಕಳೆದುಕೊಂಡ ವಿಂಚೆಸ್ಟರ್ ಬ್ರೌನಿಂಗ್‌ನ ಪೇಟೆಂಟ್‌ಗಳನ್ನು ಮುಟ್ಟದೆ ತನ್ನದೇ ಕೋವಿ ಮಾಡಲು ಹೆಣಗಿ 1911ರಲ್ಲಿ ಒಂದನ್ನು ಹೊರತಂದಿತು. ಅದಕ್ಕೆ ಹಿಡಿದೆಳೆಯುವ ಅಡ್ಡಹಿಡಿಕೆಯನ್ನು ಇಡುವಂತಿರಲಿಲ್ಲವಾದ್ದರಿಂದ ನಳಿಗೆಯನ್ನೇ ಕೈಯಿಂದ ಹಿಂದಕ್ಕೆ ತಳ್ಳಬೇಕಿತ್ತು. ತೋಟಾ ಸಿಕ್ಕಿಕೊಂಡಾಗ ಹಿಡಿಯನ್ನು ನೆಲಕ್ಕೂರಿ, ಬಾಯಿ ತಮ್ಮ ಕಡೆಗಿರುವಂತೆ ನಳಿಗೆ ಒತ್ತಿದವರು ಪ್ರಾಣ ಕಳೆದುಕೊಂಡರು. 'ವಿಧವೆ ಮಾಡುವ ಕೋವಿ' ಎಂಬ ಹೆಸರು ಅದಕ್ಕೆ ಅಂಟಿತು.

ಬ್ರೌನಿಂಗ್ 1926ರ ನವೆಂಬರ್‌ನಲ್ಲಿ ಹೆರ್ಸ್ಟಾಲ್ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದಾಗಲೇ ನಿಧನರಾದರು. ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ನರು ಬೆಲ್ಜಿಯಂ ಹಿಡಿದಾಗ ಅಮೆರಿಕದ ಪೇಟೆಗೆ ಬ್ರೌನಿಂಗ್ ಹೆಸರಿನ ಕೋವಿಗಳನ್ನು ರೆಮಿಂಗ್ಟನ್ ಒದಗಿಸಿತು. 1970ರ ದಶಕದ ನಡುವಿನಲ್ಲಿ ತಯಾರಿಕೆ ಜಪಾನಿನ ಮಿರೊಕು ಕಂಪನಿಗೆ ಹೋಯಿತು. 1998ರಲ್ಲಿ ನಿಂತಿತು. ಇಂದು ಜವುಗಿನಲ್ಲಿ ಕಾಣುವ ಕೋವಿ ಬೆಲ್ಜಿಯಂನದೋ ಜಪಾನಿನದೋ ಎಂಬುದು ಬರಿಯ ಅಭಿಮಾನದ ಪ್ರಶ್ನೆಯಲ್ಲ. ಯಾವ ತೋಟಾ ಹಾಕಬಹುದು ಎಂಬುದನ್ನು ಅದೇ ನಿರ್ಧರಿಸುತ್ತದೆ.

ನಳಿಗೆಯೇ ಹಿಂದೆ ಸರಿಯುತ್ತದೆ

ಇಂದಿನ ಹೆಚ್ಚಿನ ಅರೆಸ್ವಯಂಚಾಲಿತ ಕೋವಿಗಳು ಮದ್ದು ಉರಿದಾಗ ಹುಟ್ಟುವ ಅನಿಲದ ಒಂದಿಷ್ಟು ಪಾಲನ್ನು ಸಣ್ಣ ರಂಧ್ರದಿಂದ ಕದ್ದು, ಅದರ ಬಲದಿಂದ ಯಂತ್ರವನ್ನು ನಡೆಸುತ್ತವೆ. ಆಟೊ-5 ಹಾಗಲ್ಲ. ಅದು ಕೋವಿಯ ಒದೆತವನ್ನೇ ದುಡಿಸಿಕೊಳ್ಳುತ್ತದೆ.

ಈಡು ಹಾರುವಾಗ ನಳಿಗೆಯೂ ಅದರ ಬುಡವನ್ನು ಮುಚ್ಚಿರುವ ಉಕ್ಕಿನ ಬೋಲ್ಟೂ ಒಂದಕ್ಕೊಂದು ಕಚ್ಚಿಕೊಂಡಿರುತ್ತವೆ. ಒದೆತಕ್ಕೆ ಎರಡೂ ಜೊತೆಯಾಗಿ, ಒಂದು ತೋಟಾದ ಉದ್ದಕ್ಕಿಂತ ಹೆಚ್ಚು ದೂರ, ಹಿಂದಕ್ಕೆ ಜಾರುತ್ತವೆ. ಕೊನೆಯಲ್ಲಿ ಒಂದು ಕೊಕ್ಕೆ ಬೋಲ್ಟನ್ನು ಹಿಡಿದು ನಿಲ್ಲಿಸುತ್ತದೆ. ನಳಿಗೆಯನ್ನು ಮಾತ್ರ ಅದರ ಕೆಳಗಿನ ದಪ್ಪ ಸ್ಪ್ರಿಂಗ್ ಮುಂದಕ್ಕೆ ನೂಕುತ್ತದೆ. ಖಾಲಿ ತೋಟಾದ ಅಂಚನ್ನು ಬೋಲ್ಟು ಹಿಡಿದುಕೊಂಡಿರುವುದರಿಂದ ನಳಿಗೆ ಮುಂದೆ ಹೋದಂತೆ ತೋಟಾ ಹಿಂದೆಯೇ ಉಳಿದು, ಬಲಗಡೆಯ ಕಿಂಡಿಯಿಂದ ಹೊರಗೆ ಹಾರುತ್ತದೆ. ಆಮೇಲೆ ಕೊಳವೆಯ ಮುಂದಿನ ತೋಟಾ ಮೇಲೆದ್ದು ಬರುತ್ತದೆ, ಬೋಲ್ಟು ಬಿಡುಗಡೆಯಾಗಿ ಅದನ್ನು ನಳಿಗೆಯ ಬುಡಕ್ಕೆ ತಳ್ಳಿ ಮುಚ್ಚಿಕೊಳ್ಳುತ್ತದೆ. ಕೊನೆಯ ತೋಟಾ ಹಾರಿದ ಮೇಲೆ ಬೋಲ್ಟು ತೆರೆದೇ ನಿಲ್ಲುತ್ತದೆ. ಕೋವಿ ಬರಿದಾಗಿದೆ ಎಂಬುದಕ್ಕೆ ಅದೇ ಗುರುತು.

ಇಷ್ಟೆಲ್ಲ ಕಣ್ಣೆವೆ ಮುಚ್ಚಿ ತೆರೆಯುವುದರೊಳಗೆ ನಡೆಯುತ್ತದೆ. ಹೆಗಲಿಗೆ ಮಾತ್ರ ಎರಡು ಹೊಡೆತ ತಿಳಿಯುತ್ತದೆ. ಮೊದಲನೆಯದು ಈಡಿನದು, ಎರಡನೆಯದು ಒಳಗಿನ ಭಾರ ಹಿಂದೆ ಬಂದು ತಡೆದು ನಿಲ್ಲುವಾಗಿನದು. ಹೊಸಬರಿಗೆ ಇದು ವಿಚಿತ್ರ ಅನ್ನಿಸುತ್ತದೆ. ಹೆಗಲಿಗೆ ಬಿಗಿಯಾಗಿ ಒತ್ತಿ ಹಿಡಿಯದಿದ್ದರೆ ಕೋವಿಯೆಲ್ಲ ಹಿಂದೆ ಸರಿದು ಒದೆತದ ಬಲ ಸೋರಿಹೋಗುತ್ತದೆ. ನಳಿಗೆ ಪೂರ್ತಿ ಹಿಂದೆ ಬಾರದೆ ತೋಟಾ ಸಿಕ್ಕಿಕೊಳ್ಳುತ್ತದೆ. ಹಳೆಯ ಕೋವಿ ಕೆಟ್ಟಿದೆ ಎಂದು ದೂರುವವರು ಅನೇಕ ಸಲ ಅದನ್ನು ಸಡಿಲವಾಗಿ ಹಿಡಿದವರೇ ಆಗಿರುತ್ತಾರೆ.

ಬಾತುಬೇಟೆಗೆ ಈ ರಚನೆ ಒಗ್ಗಿದ್ದು ಆಕಸ್ಮಿಕವಲ್ಲ. ಅನಿಲದ ರಂಧ್ರವೇ ಇಲ್ಲದ್ದರಿಂದ ಮಸಿ ಕಟ್ಟಿ ನಿಲ್ಲುವ ತೊಂದರೆ ಕಡಿಮೆ. ಸುಮಾರು ಮೂರೂವರೆ ಕಿಲೋ ತೂಕದ ಕೋವಿ ದಪ್ಪ ತೋಟಾಗಳ ಒದೆತವನ್ನು ತಕ್ಕಮಟ್ಟಿಗೆ ನುಂಗಿಕೊಳ್ಳುತ್ತದೆ. ಎತ್ತರದ ಬೆನ್ನು ಕಣ್ಣಿನ ನೇರಕ್ಕೆ ಉದ್ದವಾದ ಸಮತಲವೊಂದನ್ನು ಒದಗಿಸುವುದರಿಂದ ಹಾರುವ ಹಕ್ಕಿಯ ಹಿಂದೆ ನಳಿಗೆ ತೂಗುವುದು ಸಲೀಸು. ಹೆಚ್ಚಿನವಕ್ಕೆ ಎಡಪಕ್ಕದಲ್ಲಿ ಒಂದು ಪುಟ್ಟ ಸನ್ನೆ ಇರುತ್ತದೆ. ಅದನ್ನು ತಿರುಗಿಸಿದರೆ ಕೊಳವೆಯಲ್ಲಿನ ತೋಟಾಗಳು ಅಲ್ಲೇ ನಿಲ್ಲುತ್ತವೆ. ಬಾತುಗಳ ಹಿಂದೆ ಹೆಬ್ಬಾತು ಬಂದರೆ ನಳಿಗೆಯಲ್ಲಿರುವ ಒಂದನ್ನಷ್ಟೇ ತೆಗೆದು ದಪ್ಪ ಚರೆಯ ತೋಟಾ ಹಾಕಿಕೊಳ್ಳಬಹುದು. ನೂರಿಪ್ಪತ್ತು ವರ್ಷಗಳ ಹಿಂದೆಯೇ ಈ ಅನುಕೂಲ ಯೋಚಿಸಿದವರು ಜವುಗನ್ನು ಕಂಡವರೇ ಸರಿ.

ಉಂಗುರದ ಜಾಗ

ಹಳೆಯ ಆಟೊ-5ಗಳು ಹಾಳಾಗುವುದು ಹೆಚ್ಚಾಗಿ ಒಂದೇ ಕಾರಣಕ್ಕೆ. ಅದು ಮರದ ಮುಂಗೈಹಿಡಿಯ ಒಳಗೆ, ಕಣ್ಣಿಗೆ ಬೀಳದ ಜಾಗದಲ್ಲಿದೆ.

ತೋಟಾ ತುಂಬುವ ಕೊಳವೆಯ ಸುತ್ತ ಸ್ಪ್ರಿಂಗ್ ಸುತ್ತಿಕೊಂಡಿರುತ್ತದೆ. ಸ್ಪ್ರಿಂಗಿನ ಮುಂದೆ ಸೀಳು ಇರುವ ಕಂಚಿನ ಬಳೆಯೊಂದಿದೆ. ನಳಿಗೆ ಹಿಂದೆ ಬಂದಾಗ ಈ ಬಳೆ ಕೊಳವೆಯನ್ನು ಬಿಗಿಯಾಗಿ ಅಪ್ಪಿ, ಸೈಕಲ್ಲಿನ ಬ್ರೇಕು ಚಕ್ರವನ್ನು ಹಿಡಿಯುವಂತೆ ವೇಗ ತಗ್ಗಿಸುತ್ತದೆ. ಅದರ ಜೊತೆಗೆ ಒಳ ಅಂಚು ಇಳಿಜಾರಾಗಿರುವ ಒಂದು ಉಕ್ಕಿನ ಉಂಗುರವೂ ಇದೆ. ಬಲವಾದ ತೋಟಾ ಹಾರಿಸುವಾಗ ಈ ಉಂಗುರ ಸ್ಪ್ರಿಂಗಿನ ಮುಂದೆ, ಇಳಿಜಾರು ಕಂಚಿನ ಬಳೆಯ ಕಡೆಗಿರುವಂತೆ ಕೂರಬೇಕು. ಆಗ ಬಳೆಯ ಎರಡೂ ಕಡೆಯಿಂದ ಒತ್ತಡ ಬಿದ್ದು ಬ್ರೇಕು ಗಟ್ಟಿಯಾಗುತ್ತದೆ. ಹಗುರ ತೋಟಾ ಹಾರಿಸುವಾಗ ಅದೇ ಉಂಗುರವನ್ನು ತೆಗೆದು ಸ್ಪ್ರಿಂಗಿನ ಹಿಂದೆ, ಯಂತ್ರಭಾಗಕ್ಕೆ ತಾಗುವಂತೆ ಹಾಕಬೇಕು. ಆಗ ಬ್ರೇಕು ಸಡಿಲ.

ಉಂಗುರ ಹಗುರದ ಜಾಗದಲ್ಲಿದ್ದು ಬಾತುಬೇಟೆಯ ಭಾರದ ತೋಟಾ ಹಾರಿಸಿದರೆ ನಳಿಗೆ ತಡೆಯಿಲ್ಲದೆ ಬಂದು ಯಂತ್ರಭಾಗಕ್ಕೆ ಬಡಿಯುತ್ತದೆ. ತೆಳ್ಳಗಿನ ಮುಂಗೈಹಿಡಿ ಮೊದಲು ಸೀಳುತ್ತದೆ. ಹೊಡೆತ ಮುಂದುವರಿದರೆ ಉಕ್ಕಿನ ಭಾಗಗಳಿಗೂ ಪೆಟ್ಟು. ಉಂಗುರ ಬಲದ ಜಾಗದಲ್ಲಿದ್ದು ಹಗುರ ತೋಟಾ ಹಾಕಿದರೆ ನಳಿಗೆ ಅರ್ಧಕ್ಕೇ ನಿಂತು ತೋಟಾ ಸಿಕ್ಕಿಕೊಳ್ಳುತ್ತದೆ. ಮೊದಲನೆಯದು ಕೋವಿಗೆ ಹಾನಿ, ಎರಡನೆಯದು ಬರಿಯ ಕಿರಿಕಿರಿ. ಆದ್ದರಿಂದ ಕೈ ಬದಲಾಗಿ ಬಂದ ಯಾವುದೇ ಹಳೆಯ ಆಟೊ-5 ಅನ್ನು ಹಾರಿಸುವ ಮೊದಲು ಮುಂದಿನ ಮುಚ್ಚಳ ತಿರುಗಿಸಿ, ಮುಂಗೈಹಿಡಿ ಮತ್ತು ನಳಿಗೆ ಕಳಚಿ, ಉಂಗುರ ಎಲ್ಲಿದೆ ಎಂದು ನೋಡಲೇಬೇಕು. ಹಿಂದಿನ ಒಡೆಯ ಸರಿಯಾಗಿಯೇ ಇಟ್ಟಿರುತ್ತಾನೆ ಎಂದು ನಂಬುವಂತಿಲ್ಲ.

ಕೊಳವೆಗೆ ಎಷ್ಟು ಎಣ್ಣೆ ಎಂಬುದೂ ಇದೇ ಲೆಕ್ಕದ ಭಾಗ. ಎಣ್ಣೆ ಸುರಿದರೆ ಕಂಚಿನ ಬಳೆಗೆ ಹಿಡಿತ ತಪ್ಪುತ್ತದೆ, ಪೂರ್ತಿ ಒಣಗಿಸಿದರೆ ಹಿಡಿತ ಮಿತಿಮೀರುತ್ತದೆ. ಎಣ್ಣೆ ಸವರಿದ ಬಟ್ಟೆಯಿಂದ ಒಮ್ಮೆ ಒರೆಸಿದರೆ ಸಾಕು. ಕೊರೆಯುವ ಚಳಿಯಲ್ಲಿ ಗ್ರೀಸು ಗಟ್ಟಿಯಾಗುವುದರಿಂದ ಅದನ್ನು ಬಳಸಲೇಬಾರದು. ದಶಕಗಳ ಕಾಲ ದುಡಿದ ಸ್ಪ್ರಿಂಗ್ ಕುಗ್ಗಿರುತ್ತದೆ. ಹೊಸದಕ್ಕೆ ಹೆಚ್ಚು ಖರ್ಚಿಲ್ಲ, ಬದಲಾಯಿಸುವುದೇ ಲೇಸು.

ಐದರ ಕೋವಿಗೆ ಮೂರರ ಕಟ್ಟು

ಆಟೊ-5 ಪೇಟೆಗೆ ಬಂದಾಗ ಅಮೆರಿಕದಲ್ಲಿ ಬಾತುಗಳನ್ನು ಕೊಂದು ಪಟ್ಟಣದ ಹೋಟೆಲುಗಳಿಗೆ ಮಾರುವುದು ಒಂದು ಕಸುಬಾಗಿತ್ತು. ಚೆಸಾಪೀಕ್ ಕೊಲ್ಲಿಯಲ್ಲಿ ದೋಣಿಗೆ ಕಟ್ಟಿದ ಫಿರಂಗಿಯಂಥ ಕೋವಿಗಳಿಂದ ನೀರಿನ ಮೇಲೆ ಮಲಗಿದ ಹಿಂಡುಗಳನ್ನೇ ಉರುಳಿಸುತ್ತಿದ್ದರು. ಅಂಥ ಹೊತ್ತಿನಲ್ಲಿ ಐದು ಈಡಿನ ಕೋವಿ ಬಂದದ್ದು ಹಕ್ಕಿಗಳ ಪರ ನಿಂತವರನ್ನು ಬೆಚ್ಚಿಬೀಳಿಸಿತು. ಪೆನ್ಸಿಲ್ವೇನಿಯಾ ರಾಜ್ಯ 1907ರಲ್ಲೇ ಬೇಟೆಗೆ ಸ್ವಯಂಚಾಲಿತ ಕೋವಿ ಬಳಸುವುದನ್ನು ನಿಷೇಧಿಸಿತು. ನ್ಯೂಯಾರ್ಕ್ ಮೃಗಾಲಯದ ನಿರ್ದೇಶಕರಾಗಿದ್ದ ವಿಲಿಯಂ ಹಾರ್ನಡೇ 1913ರ ತಮ್ಮ 'ಅವರ್ ವ್ಯಾನಿಷಿಂಗ್ ವೈಲ್ಡ್ ಲೈಫ್' ಪುಸ್ತಕದಲ್ಲಿ ಇಂಥ ಕೋವಿಗಳ ವಿರುದ್ಧ ಕಟುವಾಗಿ ಬರೆದರು. ಅವರ ಆತಂಕ ಸುಳ್ಳಾಗಿರಲಿಲ್ಲ.

1916ರಲ್ಲಿ ಅಮೆರಿಕ, ಕೆನಡಾದ ಪರವಾಗಿ ಬ್ರಿಟನ್‌ನೊಂದಿಗೆ ವಲಸೆ ಹಕ್ಕಿಗಳ ಒಪ್ಪಂದ ಮಾಡಿಕೊಂಡಿತು. 1918ರ ಕಾಯ್ದೆ ಅದನ್ನು ಜಾರಿಗೆ ತಂದು ಹಕ್ಕಿಗಳ ಮಾರಾಟಕ್ಕೆ ತಡೆ ಹಾಕಿತು. 1930ರ ದಶಕದ ಬರದಲ್ಲಿ ಬಾತುಗಳು ಮರಿ ಮಾಡುವ ಉತ್ತರದ ಹುಲ್ಲುಗಾವಲಿನ ಹೊಂಡಗಳೆಲ್ಲ ಬತ್ತಿ ಸಂಖ್ಯೆ ಕುಸಿದಾಗ ಕಟ್ಟುಪಾಡು ಇನ್ನಷ್ಟು ಬಿಗಿಯಾಯಿತು. 1935ರಿಂದ ಜೀವಂತ ಬಾತುಗಳನ್ನು ಕಟ್ಟಿ ಸೆಳೆಯುವಂತಿಲ್ಲ, ಕಾಳು ಚೆಲ್ಲಿ ಕರೆಯುವಂತಿಲ್ಲ, ಕೋವಿಯಲ್ಲಿ ಮೂರಕ್ಕಿಂತ ಹೆಚ್ಚು ತೋಟಾ ಇರುವಂತಿಲ್ಲ. ಆಟೊ-5ರ ಕೊಳವೆಯೊಳಗೆ ಮರದ ಕಡ್ಡಿಯೊಂದನ್ನು ಇಳಿಸಿ ಜಾಗ ತುಂಬುವುದು ರೂಢಿಯಾಯಿತು. ಕೋವಿಯನ್ನು ಕಳಚದೆ ಆ ಕಡ್ಡಿ ಹೊರಬರಬಾರದು ಎಂಬುದೂ ನಿಯಮ. ಇಂದಿಗೂ ಜವುಗಿನಲ್ಲಿ ವನ್ಯಜೀವಿ ಅಧಿಕಾರಿ ಕೋವಿ ಕೇಳಿದರೆ ನೋಡುವುದು ಇದನ್ನೇ. ಹಳೆಯ ಕೋವಿ ಕೊಂಡವರು, ಕಡ್ಡಿ ಕಳೆದುಹೋಗಿದ್ದರೆ ಹೊಸದನ್ನು ಹಾಕದೆ ಬೇಟೆಗೆ ಹೋಗುವಂತಿಲ್ಲ.

ಹಣದ ಏರ್ಪಾಡೂ ಆಗಲೇ ಆಯಿತು. 1934ರಿಂದ ಬಾತುಬೇಟೆಗಾರರು ಒಂದು ವಿಶೇಷ ಅಂಚೆಚೀಟಿಯಂಥ ಚೀಟಿ ಕೊಳ್ಳಬೇಕು. ಮೊದಲ ಚೀಟಿಯ ಬೆಲೆ ಒಂದು ಡಾಲರ್. ಚಿತ್ರ ಬರೆದವರು ವ್ಯಂಗ್ಯಚಿತ್ರಕಾರ ಜೇ ನಾರ್ವುಡ್ 'ಡಿಂಗ್' ಡಾರ್ಲಿಂಗ್. ಈಗ 25 ಡಾಲರ್. ಈ ಹಣದಿಂದ ಇದುವರೆಗೆ ಅರವತ್ತು ಲಕ್ಷ ಎಕರೆಗೂ ಹೆಚ್ಚು ಜವುಗು ಮತ್ತು ಹುಲ್ಲುಗಾವಲು ಉಳಿದಿದೆ. 1937ರ ಕಾಯ್ದೆಯೊಂದರ ಪ್ರಕಾರ ಕೋವಿ, ತೋಟಾಗಳ ಮೇಲಿನ ತೆರಿಗೆಯೂ ವನ್ಯಜೀವಿ ರಕ್ಷಣೆಗೆ ಹೋಗುತ್ತದೆ.

ಭಾರತ ಹಿಡಿದ ದಾರಿ ಬೇರೆ. ಇಲ್ಲೂ ಬಾತುಬೇಟೆಗೆ ಕರಾಳ ಚರಿತ್ರೆಯಿದೆ. ರಾಜಸ್ಥಾನದ ಭರತಪುರದ ಕೆರೆಯಲ್ಲಿ 1938ರ ನವೆಂಬರ್ 12ರಂದು ವೈಸ್‌ರಾಯ್ ಲಿನ್‌ಲಿತ್ಗೋ ಅವರ ತಂಡ ಒಂದೇ ದಿನದಲ್ಲಿ 4,273 ಹಕ್ಕಿಗಳನ್ನು ಕೊಂದಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮತ್ತು ಅದರ ತಿದ್ದುಪಡಿಗಳ ನಂತರ ವಲಸೆ ಬಾತುಗಳ ಬೇಟೆ ಅಪರಾಧ. ಅರ್ಕಾನ್ಸಾಸ್‌ನಲ್ಲಿ ಬೇಟೆಯಾಗುವ ಸೂಜಿಬಾಲದ ಬಾತಿನ ಜಾತಿಯೇ ಚಳಿಗಾಲದಲ್ಲಿ ಕರ್ನಾಟಕದ ಕೆರೆಗಳಿಗೂ ಬರುತ್ತದೆ. ಪಟ್ಟೆತಲೆ ಹೆಬ್ಬಾತುಗಳು ಇಳಿಯುವ ಗದಗ ಜಿಲ್ಲೆಯ ಮಾಗಡಿ ಕೆರೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜವುಗುಗಳ ರಾಮ್ಸರ್ ಪಟ್ಟಿ ಸೇರಿತು. ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ವಿನಾಯಿತಿಯಿದೆ. ಬೇಟೆಗೆ ಅಂಥ ವಿನಾಯಿತಿ ಇಲ್ಲ.

ಕೆಸರಿನೊಳಗಿನ ಸೀಸ

ಆಟೊ-5ರ ಬಾಳಿನಲ್ಲಿ ಅತಿ ದೊಡ್ಡ ಬದಲಾವಣೆ ತಂದದ್ದು ಚರೆಯ ಲೋಹ. ಬಾತುಬೇಟೆಯ ಒಂದು ಸೀಸದ ತೋಟಾದಲ್ಲಿ ನೂರೈವತ್ತಕ್ಕೂ ಹೆಚ್ಚು ಚರೆಗಳಿರುತ್ತಿದ್ದವು. ಹಕ್ಕಿಗೆ ತಾಗುವುದು ಕೆಲವೇ ಚರೆ, ಉಳಿದದ್ದೆಲ್ಲ ನೀರಿನ ತಳ ಸೇರುತ್ತಿತ್ತು. ಬಾತುಗಳಿಗೆ ಹಲ್ಲಿಲ್ಲ, ಕಾಳು ಅರೆಯಲು ಅವು ಕೆಸರಿನಿಂದ ಹರಳು ನುಂಗುತ್ತವೆ. ಹರಳಿನ ಜೊತೆ ಸೀಸದ ಚರೆಯೂ ಹೋಗುತ್ತಿತ್ತು. ಹೊಟ್ಟೆಯಲ್ಲಿ ಅದು ಸವೆದು, ಆಮ್ಲದಲ್ಲಿ ಕರಗಿ ರಕ್ತಕ್ಕಿಳಿದರೆ ಜೀರ್ಣಾಂಗ ಮರಗಟ್ಟಿ, ರೆಕ್ಕೆ ಜೋತು, ಹಕ್ಕಿ ಮೇವಿನ ನಡುವೆಯೇ ಉಪವಾಸ ಸಾಯುತ್ತದೆ. ಅಂಥ ಬಾತನ್ನು ತಿಂದ ಹದ್ದಿಗೂ ವಿಷ.

ಇಲಿನಾಯ್‌ನ ವಿಜ್ಞಾನಿ ಫ್ರಾಂಕ್ ಬೆಲ್ರೋಸ್ 1959ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಉತ್ತರ ಅಮೆರಿಕದ ನೀರುಹಕ್ಕಿಗಳಲ್ಲಿ ಪ್ರತಿ ವರ್ಷ ಶೇ 2ರಿಂದ 3ರಷ್ಟು ಹೀಗೆ ಸಾಯುತ್ತಿದ್ದವು. ಆದರೂ ನಿಷೇಧಕ್ಕೆ ಮೂರು ದಶಕ ಬೇಕಾಯಿತು. ಕೋವಿ ಹಾಳಾಗುತ್ತದೆ, ಉಕ್ಕಿನ ಚರೆ ಹಕ್ಕಿಯನ್ನು ಕೊಲ್ಲದೆ ಗಾಯ ಮಾತ್ರ ಮಾಡುತ್ತದೆ ಎಂಬ ವಿರೋಧ ಬಲವಾಗಿತ್ತು. 1991ರಿಂದ ಅಮೆರಿಕದಾದ್ಯಂತ ನೀರುಹಕ್ಕಿಗಳ ಬೇಟೆಗೆ ಸೀಸದ ಚರೆ ನಿಷಿದ್ಧವಾಯಿತು. 1999ರಲ್ಲಿ ಕೆನಡಾ ಅದೇ ಹಾದಿ ಹಿಡಿಯಿತು. ಯುರೋಪಿಯನ್ ಒಕ್ಕೂಟದ ಜವುಗು ಪ್ರದೇಶಗಳಲ್ಲಿ 2023ರಿಂದ ನಿಷೇಧವಿದೆ. ಮಿಸಿಸಿಪಿ ವಲಸೆ ಹಾದಿಯಲ್ಲಿ ನಡೆದ ಅಧ್ಯಯನವೊಂದು, ನಿಷೇಧದಿಂದ ಮಲ್ಲಾರ್ಡ್ ಬಾತುಗಳ ಸೀಸವಿಷದ ಸಾವು ಶೇ 64ರಷ್ಟು ಇಳಿದಿದೆ ಎಂದು ಅಂದಾಜಿಸಿತು. ಕೋವಿಪ್ರೇಮಿಗಳ ಗೊಣಗಾಟಕ್ಕೆ ಇದಕ್ಕಿಂತ ಸ್ಪಷ್ಟ ಉತ್ತರ ಬೇಕಿಲ್ಲ.

ಉಕ್ಕಿನ ಚರೆ, ಹಳೆಯ ನಳಿಗೆ

ಚರೆಗಳು ಬೇಗ ಚದುರದಂತೆ ನಳಿಗೆಯ ಬಾಯಿಯನ್ನು ತುಸು ಕಿರಿದು ಮಾಡಿರುತ್ತಾರೆ. ಇದೇ ಚೋಕ್. ಬೆಲ್ಜಿಯಂನ ನಳಿಗೆಗಳ ಮೇಲೆ ಅದನ್ನು ನಕ್ಷತ್ರಗಳಿಂದ ಗುರುತಿಸುತ್ತಿದ್ದರು. ಒಂದು ನಕ್ಷತ್ರವೆಂದರೆ ಅತಿ ಬಿಗಿ, ಎರಡೆಂದರೆ ಮಧ್ಯಮ, ಮೂರೆಂದರೆ ಬಿಗಿಯೇ ಇಲ್ಲ. ಬಾತುಬೇಟೆಗೆಂದು ಮಾರಾಟವಾದವುಗಳಲ್ಲಿ ಹೆಚ್ಚಿನವು ಒಂದು ನಕ್ಷತ್ರದವು. ಬಾಯಿ ಸುಮಾರು ಒಂದು ಮಿಲಿಮೀಟರಿನಷ್ಟು ಕಿರಿದಾಗಿರುತ್ತದೆ.

ಸೀಸ ಮೆತ್ತಗಿನ ಲೋಹ, ಆ ಬಿಗಿಯಲ್ಲಿ ನಜ್ಜಾಗಿ ನುಸುಳಿ ಹೋಗುತ್ತದೆ. ಉಕ್ಕು ನಜ್ಜಾಗುವುದಿಲ್ಲ. ಗಟ್ಟಿ ಚರೆಗಳ ಮುದ್ದೆ ಕಿರಿದಾದ ಬಾಯಿಗೆ ಬಂದು ಒತ್ತಿದಾಗ ಹಳೆಯ ನಳಿಗೆಯೇ ಹಿಗ್ಗಿ, ತುದಿಯ ಹತ್ತಿರ ಉಂಗುರದಂತೆ ಉಬ್ಬುತ್ತದೆ. ಬೆಲ್ಜಿಯಂನ ಹಳೆಯ ಆಟೊ-5 ನಳಿಗೆಗಳಲ್ಲಿ ಉಕ್ಕಿನ ಚರೆ ಬಳಸಬೇಡಿ ಎಂದು ಬ್ರೌನಿಂಗ್ ಕಂಪನಿಯೇ ಹೇಳುತ್ತದೆ. ತಿರುಗಿಸಿ ಬದಲಾಯಿಸಬಹುದಾದ ಚೋಕ್ ಇರುವ ಜಪಾನಿನ ನಂತರದ ನಳಿಗೆಗಳು ಉಕ್ಕನ್ನು ತಾಳುತ್ತವೆ.

ಹಳೆಯ ಕೋವಿಯವರಿಗೆ ಉಳಿದ ದಾರಿಗಳು ಹೆಚ್ಚಿಲ್ಲ. ಒಂದು, ಅದೇ ಅಳತೆಯ ಜಪಾನಿನ ನಳಿಗೆಯನ್ನು ಕೋವಿ ರಿಪೇರಿಯವರಿಂದ ಕೂರಿಸಿಕೊಳ್ಳುವುದು. ಇನ್ನೊಂದು, ಬಿಸ್ಮತ್ ಚರೆ ಬಳಸುವುದು. 1990ರ ದಶಕದಲ್ಲಿ ಒಪ್ಪಿಗೆ ಪಡೆದ ಈ ಲೋಹ ವಿಷವಲ್ಲ. ಉಕ್ಕಿನಷ್ಟು ಗಡುಸೂ ಅಲ್ಲ. ಸೀಸದ ಸಾಂದ್ರತೆ ನೀರಿನ 11.3 ಪಟ್ಟು, ಉಕ್ಕಿನದು 7.8 ಪಟ್ಟು, ಬಿಸ್ಮತ್‌ನದು ಹೆಚ್ಚು ಕಡಿಮೆ 9.7 ಪಟ್ಟು. ಹೀಗಾಗಿ ಉಕ್ಕಿಗಿಂತ ದೂರದವರೆಗೆ ಅದರ ಹೊಡೆತ ಉಳಿಯುತ್ತದೆ. ಬೆಲೆ ಮಾತ್ರ ಉಕ್ಕಿನ ಹಲವು ಪಟ್ಟು. ಬಾಯಿಯನ್ನು ಒಳಗಿನಿಂದ ಕೊರೆಸಿ ಬಿಗಿ ಕಡಿಮೆ ಮಾಡಿಸುವವರೂ ಇದ್ದಾರೆ. ಅದರಿಂದ ಕೋವಿಯ ಮೂಲರೂಪ ಹೋಗುತ್ತದೆ, ಬೆಲೆಯೂ ಇಳಿಯುತ್ತದೆ.

ತೋಟಾದ ಉದ್ದವೂ ಮುಖ್ಯ. ಮೂರು ಇಂಚಿನ ತೋಟಾ ಹಿಡಿಯುವ 'ಮ್ಯಾಗ್ನಮ್' ಬಂದದ್ದು 1958ರಲ್ಲಿ. ಸಾಮಾನ್ಯ 12 ಬೋರಿನ ಕೋವಿಗೆ ಎರಡೂ ಮುಕ್ಕಾಲು ಇಂಚಿನದೇ ಮಿತಿ. ಮಹಾಯುದ್ಧಕ್ಕೆ ಮೊದಲಿನ 16 ಬೋರಿನ ಅನೇಕ ಕೋವಿಗಳ ನಳಿಗೆಬುಡ ಇನ್ನೂ ಗಿಡ್ಡ. ಇಂದಿನ ತೋಟಾ ಅದರಲ್ಲಿ ಕೂತಂತೆ ಕಂಡರೂ ಹಾರಿದಾಗ ಅದರ ಮಡಿಕೆ ಬಿಚ್ಚಿಕೊಳ್ಳಲು ಜಾಗವಿರುವುದಿಲ್ಲ. ಒಳಗಿನ ಒತ್ತಡ ಅಪಾಯದ ಮಟ್ಟಕ್ಕೇರುತ್ತದೆ.

ಹಳೆಯ ಮಾದರಿಗಳ ಸುರಕ್ಷಾ ಗುಂಡಿ ಕುದುರೆಯ ಮುಂದೆಯೇ, ಅದರ ಕಾವಲು ಬಳೆಯೊಳಗಿತ್ತು. ಚಳಿಗೆ ಮರಗಟ್ಟಿದ ಬೆರಳು ಅಲ್ಲಿ ಜಾರಿದರೆ ಕುದುರೆಗೆ ತಾಗುತ್ತದೆ. ಮುಂದೆ ಅದು ಕುದುರೆಯ ಹಿಂದಕ್ಕೆ ಹೋಯಿತು. ಮುಂದಿನ ಗುಂಡಿಯ ಕೋವಿಯನ್ನು ದಪ್ಪ ಕೈಗವಸು ತೊಟ್ಟು ಬಳಸಲೇಬಾರದು.

ಬೇಟೆಯಿಂದ ಬಂದ ದಿನವೇ ಕೋವಿಯನ್ನು ಕಳಚಿ ಒರೆಸಿಡಬೇಕು. ಮುಂಗೈಹಿಡಿಯೊಳಗೆ ಸೇರಿದ ನೀರು ಕೊಳವೆಗೆ ತುಕ್ಕು ಹಿಡಿಸುತ್ತದೆ, ತುಕ್ಕು ಹಿಡಿದ ಕೊಳವೆಯ ಮೇಲೆ ಕಂಚಿನ ಬಳೆ ಸರಿಯಾಗಿ ಓಡುವುದಿಲ್ಲ. ಹಿಡಿಯಲ್ಲಿ ಸೀಳು, ನಳಿಗೆಯ ತುದಿಯಲ್ಲಿ ಉಬ್ಬು, ಬೋಲ್ಟಿನಲ್ಲಿ ಬಿರುಕು ಕಂಡರೆ ಬಲ್ಲವರಿಗೆ ತೋರಿಸದೆ ಒಂದು ಈಡೂ ಹಾರಿಸಕೂಡದು. ಇವೆಲ್ಲ ಸರಿಯಿದ್ದು, ಉಂಗುರ ತನ್ನ ಜಾಗದಲ್ಲಿದ್ದು, ಕೊಳವೆಯಲ್ಲಿ ಕಡ್ಡಿಯೂ ನಳಿಗೆಗೆ ಒಗ್ಗುವ ಚರೆಯೂ ಇದ್ದರೆ ಆಟೊ-5 ಇಂದಿಗೂ ಬಾತುಬೇಟೆಗೆ ಒದಗುವ ಕೋವಿಯೇ. ಬಿಸ್ಮತ್ ಕೊಳ್ಳಲಾಗದವರು, ನಳಿಗೆ ಬದಲಾಯಿಸಲು ಒಪ್ಪದವರು ಬೆಲ್ಜಿಯಂನ ಹಳೆಯ ಕೋವಿಯನ್ನು ಜವುಗಿಗೆ ಒಯ್ಯದಿರುವುದೇ ಸರಿ.